ಪುಟ ಬಲ್ಲದ್ದು ಥೀಮಿಗೂ ತಿಳಿಯಲಿ

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟ್ ಚೈನ್ ತುಂಡಾಗಿ ಕೊಚ್ಚಿಹೋಯಿತು. ಸ್ಟಾಪ್‌ಲಾಗ್ ಇಳಿಸಿ ನೀರು ತಡೆಯುವವರೆಗಿನ ಆ ಒಂದು ವಾರ, ಕಂಪ್ಲಿಯಿಂದ ಸಿರುಗುಪ್ಪದವರೆಗಿನ ಹೊಳೆದಂಡೆಯ ಊರುಗಳಲ್ಲಿ ಮೊಬೈಲ್ ಕೆಳಗಿಟ್ಟವರೇ ಕಡಿಮೆ. ಹೊಳೆಗೆ ಎಷ್ಟು ಕ್ಯೂಸೆಕ್ ಬಿಟ್ಟಿದ್ದಾರೆ, ಕೆಳಮಟ್ಟದ (ಎಲ್‌ಎಲ್‌ಸಿ) ಕಾಲುವೆಗೆ ಇನ್ನು ನೀರು ಸಿಗುತ್ತದೋ ಇಲ್ಲವೋ, ನಾಟಿ ಮಾಡಿದ ಭತ್ತದ ಗತಿ ಏನು? ಅಂಥ ಹೊತ್ತಿನಲ್ಲಿ ಯಾವ ಪ್ರಕಟಣೆ ಕಣ್ಣಿಗೆ ಬಿದ್ದರೂ ಓದುವವರು ಮೊದಲು ಹುಡುಕುವುದು ಒಂದನ್ನೇ. ಇದು ಯಾವಾಗಿನದು? ಇವತ್ತಿನದೋ, ನಿನ್ನೆಯದೋ, ಹೋದ ವರ್ಷದ್ದೋ?

ವಾಟ್ಸ್ಯಾಪಿನಲ್ಲಿ ಬಂದ ಚಿತ್ರಕ್ಕೆ ಈ ಪ್ರಶ್ನೆಯ ಉತ್ತರ ಗೊತ್ತಿರುವುದಿಲ್ಲ. ವೆಬ್‌ಸೈಟಿನ ಪುಟಕ್ಕೆ ಗೊತ್ತಿರುತ್ತದೆ. ಯಾವ ದಿನ, ಎಷ್ಟು ಗಂಟೆ ಎಷ್ಟು ನಿಮಿಷಕ್ಕೆ ಅದನ್ನು ಪ್ರಕಟಿಸಿದರು, ಆಮೇಲೆ ಯಾವಾಗ ತಿದ್ದಿದರು, ಅದು ಯಾವ ಭಾಷೆಯದು, ಯಾವ ವಿಭಾಗದ್ದು ಎಂಬುದೆಲ್ಲ ಡೇಟಾಬೇಸಿನಲ್ಲಿ ದಾಖಲಾಗಿಯೇ ಇರುತ್ತದೆ. ಹಾಗಿದ್ದೂ ಎಷ್ಟೋ ಸಂಸ್ಥೆಗಳ ಪುಟ ತೆರೆದರೆ ಮೇಲೊಂದು ತಲೆಬರಹ, ಕೆಳಗೊಂದು ಪಿಡಿಎಫ್, ಅಷ್ಟೇ. ಒಳಗೆ ಇರುವ ಮಾಹಿತಿ ಪರದೆಯವರೆಗೆ ಬರದೆ ಎಲ್ಲಿ ನಿಂತುಬಿಟ್ಟಿತು? ಅದು ನಿಂತದ್ದು ಪುಟಕ್ಕೂ ಥೀಮಿಗೂ ನಡುವೆ. ತಂತ್ರಜ್ಞರ ಮಾತು ಎಂದು ಉಳಿದವರು ಕೈಬಿಟ್ಟಿರುವ ಈ ಜಾಗದ ಬಗ್ಗೆ ತಹಶೀಲ್ದಾರರ ಕಚೇರಿಯವರಿಗೂ ಕಾಲೇಜಿನ ಪ್ರಾಂಶುಪಾಲರಿಗೂ ದೇವಸ್ಥಾನದ ಸಮಿತಿಯವರಿಗೂ ಗೊತ್ತಿರಬೇಕು ಎನ್ನುವುದು ನನ್ನ ಬಲವಾದ ಅಭಿಪ್ರಾಯ.

ಇವತ್ತಿನ ವೆಬ್‌ಸೈಟ್ ಬಹುಪಾಲು ಎರಡು ತುಂಡಿನದು. ಒಂದು, ಎಲ್ಲರೂ ಸಿಎಂಎಸ್ ಎನ್ನುವ ವಿಷಯ ನಿರ್ವಹಣಾ ವ್ಯವಸ್ಥೆ. ಸಿಬ್ಬಂದಿ ಲಾಗಿನ್ ಆಗಿ ತಲೆಬರಹ ಹಾಕಿ, ವಿವರ ಟೈಪ್ ಮಾಡಿ, ಫೈಲ್ ಏರಿಸುವುದು ಇಲ್ಲಿ. ಇನ್ನೊಂದು ಥೀಮ್. ಅಕ್ಷರ ಎಷ್ಟು ದೊಡ್ಡದಿರಬೇಕು, ಮೆನು ಎಲ್ಲಿರಬೇಕು, ಮೊಬೈಲಿನಲ್ಲಿ ಹೇಗೆ ಕಾಣಬೇಕು ಎಂದು ತೀರ್ಮಾನಿಸುವ ಫೈಲುಗಳ ಕಟ್ಟು ಅದು. ಬೆಲ್ಜಿಯಂನ ಡ್ರೀಸ್ ಬೈಟಾರ್ಟ್ 2001ರಲ್ಲಿ ಹೊರತಂದ ಡ್ರೂಪಲ್, 2003ರ ಮೇ 27ರಂದು ಬಂದ ವರ್ಡ್‌ಪ್ರೆಸ್, ಇವೆರಡೂ ಯಾರು ಬೇಕಾದರೂ ಬಳಸಬಹುದಾದ ಮುಕ್ತ ತಂತ್ರಾಂಶಗಳು. ವರ್ಡ್‌ಪ್ರೆಸ್ಸಿನಲ್ಲಿ ಥೀಮ್ ಎಂಬ ಏರ್ಪಾಡು ಬಂದದ್ದು 2005ರ ಫೆಬ್ರುವರಿಯ 1.5ನೇ ಆವೃತ್ತಿಯಲ್ಲಿ. ಅಲ್ಲಿಂದಾಚೆಗೆ ಒಂದೇ ಪುಟವನ್ನು, ಅದರ ಒಂದಕ್ಷರವನ್ನೂ ಮುಟ್ಟದೆ, ಇವತ್ತೊಂದು ನಾಳೆಯೊಂದು ರೂಪದಲ್ಲಿ ತೋರಿಸುವುದು ಸುಲಭವಾಯಿತು.

ಮದುವೆ ಮನೆಯ ಪಂಕ್ತಿಯಲ್ಲಿ ಬಡಿಸುವವರು ಅಡುಗೆಮನೆಗೆ ನುಗ್ಗಿ ಡಬ್ಬಿ ತಡಕುವುದಿಲ್ಲ. ಒಳಗಿನವರು ಇದು ಸಾರು, ಇದು ಪಲ್ಯ ಎಂದು ಬಕೆಟ್ಟಿಗೆ ತುಂಬಿ ಕೊಟ್ಟದ್ದನ್ನು ಎಲೆಗೆ ಹಾಕುತ್ತಾರೆ. ಥೀಮಿನ ಕೆಲಸವೂ ಅಷ್ಟೇ ಇರಬೇಕು. ಪುಟದ ಮಾಹಿತಿಯನ್ನು ಒಂದೊಂದಾಗಿ ಬಿಡಿಸಿ, ಒಂದೊಂದಕ್ಕೂ ಹೆಸರಿಟ್ಟು, ಥೀಮಿನ ಕೈಗೆ ಕೊಡುವ ಹೊಣೆ ಸಿಎಂಎಸ್ಸಿನದು.

ಈ ಕೊಡುವ ಕೆಲಸ ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡೋಣ. ಓದುಗರೊಬ್ಬರು ಕೊಂಡಿಯನ್ನು ಒತ್ತಿದರು. ವರ್ಡ್‌ಪ್ರೆಸ್ ಆ ವಿಳಾಸವನ್ನು ಓದಿ, ಕೇಳಿರುವುದು ಯಾವ ಪುಟ ಎಂದು ಪತ್ತೆಮಾಡಿ, ಡೇಟಾಬೇಸಿನಿಂದ ಆ ಪುಟದ ಸಾಲನ್ನು ಎತ್ತಿಕೊಳ್ಳುತ್ತದೆ. ಆಮೇಲೆ ಥೀಮಿನ ಫೈಲುಗಳಲ್ಲಿ ಇದಕ್ಕೆ ಹೊಂದುವುದು ಯಾವುದು ಎಂದು ಒಂದು ಕ್ರಮದಲ್ಲಿ ಹುಡುಕುತ್ತದೆ. ಮೊದಲು ಈ ಪುಟಕ್ಕೆಂದೇ ಬರೆದ ಫೈಲ್ ಇದೆಯೇ, ಇಲ್ಲದಿದ್ದರೆ ಪುಟಗಳಿಗೆಲ್ಲ ಸಾಮಾನ್ಯವಾದದ್ದು ಇದೆಯೇ, ಅದೂ ಇಲ್ಲದಿದ್ದರೆ ಕೊನೆಗೆ ಇಂಡೆಕ್ಸ್ ಫೈಲ್. ಆ ಫೈಲಿನಲ್ಲಿ ಶೀರ್ಷಿಕೆ ಹಾಕು, ಪ್ರಕಟಣೆಯ ದಿನ ಹಾಕು, ತಿದ್ದಿದ ದಿನ ಹಾಕು, ಒಡಲು ಹಾಕು ಎಂದು ಕೇಳುವ ಸಣ್ಣ ಸಣ್ಣ ಆಜ್ಞೆಗಳಿರುತ್ತವೆ. ಕೇಳಿದ್ದು ಮಾತ್ರ ಪರದೆಗೆ ಬರುತ್ತದೆ. ತಿದ್ದಿದ ದಿನವನ್ನು ಕೇಳುವ ಒಂದು ಸಾಲು ಫೈಲಿನಲ್ಲಿ ಇಲ್ಲದಿದ್ದರೆ, ಡೇಟಾಬೇಸಿನಲ್ಲಿ ಅದು ಸೆಕೆಂಡಿನವರೆಗೆ ಬರೆದಿಟ್ಟಿದ್ದರೂ ಓದುಗರ ಪಾಲಿಗೆ ಇಲ್ಲ.

ಡ್ರೂಪಲ್ ಇನ್ನೊಂದು ಬಗೆ. ಅಲ್ಲಿ ಪುಟ ಥೀಮಿಗೆ ಹೋಗುವ ಮೊದಲು ಪ್ರಿಪ್ರೊಸೆಸ್ ಎಂಬ ಒಂದು ಹಂತವಿದೆ. ದಿನಾಂಕ, ಭಾಷೆ, ಇದು ಮುಖಪುಟವೋ ಒಳಪುಟವೋ, ನೋಡುತ್ತಿರುವವರು ಲಾಗಿನ್ ಆಗಿದ್ದಾರೋ ಇಲ್ಲವೋ ಎಂಬ ಸಂಗತಿಗಳನ್ನು ಹೆಸರಿಟ್ಟ ಚರಾಂಶಗಳಾಗಿ ಜೋಡಿಸಿ ಕೊಡುವುದು ಈ ಹಂತದಲ್ಲಿ. ಹಿಂದಿನ ಡ್ರೂಪಲ್ಲಿನಲ್ಲಿ ಥೀಮ್ ಫೈಲುಗಳೂ ಪಿಎಚ್‌ಪಿ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲೇ ಇದ್ದವು. ಹೀಗಾಗಿ ಅವಸರದಲ್ಲಿದ್ದ ವಿನ್ಯಾಸಕಾರರು ಥೀಮಿನೊಳಗಿಂದಲೇ ಡೇಟಾಬೇಸಿಗೆ ಕೈಹಾಕಿಬಿಡಬಹುದಿತ್ತು, ಹಾಕುತ್ತಿದ್ದರು ಕೂಡ. 2015ರ ನವೆಂಬರ್ 19ರಂದು ಬಂದ ಡ್ರೂಪಲ್ 8 ಥೀಮಿನ ಭಾಷೆಯನ್ನೇ ಟ್ವಿಗ್‌ಗೆ ಬದಲಿಸಿತು. ಟ್ವಿಗ್ ಕೊಟ್ಟದ್ದನ್ನು ತೋರಿಸಬಲ್ಲದು, ಇಷ್ಟಬಂದ ಕಡೆ ಹೋಗಿ ತರಲಾರದು. ತೋರಿಸುವಾಗಲೂ ಅಪಾಯಕಾರಿ ಸಂಕೇತಗಳನ್ನು ನಿಷ್ಕ್ರಿಯಗೊಳಿಸಿಯೇ ತೋರಿಸುತ್ತದೆ. ಆಗ ಇದು ಅನೇಕರಿಗೆ ಕಿರಿಕಿರಿ ಎನಿಸಿತು. ನನ್ನ ಮಟ್ಟಿಗೆ ಥೀಮ್‌ಗಳ ಚರಿತ್ರೆಯಲ್ಲಿ ನಡೆದ ಒಳ್ಳೆಯ ಕೆಲಸಗಳಲ್ಲಿ ಇದೂ ಒಂದು.

ನಮ್ಮ ಬಳ್ಳಾರಿ ಜಿಲ್ಲೆಗೇ ಬರೋಣ. 2014ರ ನವೆಂಬರ್ 1ರಂದು ರಾಜ್ಯದ 12 ಊರುಗಳ ಇಂಗ್ಲಿಷ್ ಹೆಸರು ಬದಲಾಯಿತು, ಬಳ್ಳಾರಿ ಇಂಗ್ಲಿಷಿನಲ್ಲೂ ಬಳ್ಳಾರಿಯೇ ಆಯಿತು. ವೆಬ್‌ಸೈಟ್ ನೋಡಿಕೊಳ್ಳುವವರಿಗೆ ಇದು ಒಂದು ಪರೀಕ್ಷೆಯೇ. ಊರಿನ ಹೆಸರನ್ನು ಸಿಎಂಎಸ್ಸಿನ ಸೆಟ್ಟಿಂಗ್‌ನಲ್ಲಿ ಒಂದೇ ಕಡೆ ಬರೆದು, ಥೀಮ್ ಅಲ್ಲಿಂದ ಪಡೆಯುವಂತೆ ಮಾಡಿದ್ದರೆ ಒಂದು ನಿಮಿಷದ ಕೆಲಸ. ಹೆಸರನ್ನು ಥೀಮಿನ ಹೆಡರ್ ಫೈಲಿನಲ್ಲಿ, ಫುಟರಿನಲ್ಲಿ, ಲೋಗೊ ಚಿತ್ರದ ಒಳಗೆ, ಪುಟದ ಟೈಟಲ್ ಕಟ್ಟುವ ಸಾಲಿನಲ್ಲಿ ಕೈಯಾರೆ ಬರೆದಿದ್ದರೆ ಪ್ರತಿಯೊಂದನ್ನೂ ಹುಡುಕಿ ತಿದ್ದಬೇಕು, ತಿದ್ದುವುದಕ್ಕೆ ಥೀಮ್ ಮಾಡಿಕೊಟ್ಟವರೇ ಬರಬೇಕು. ಅವರು ಕೆಲಸ ಬಿಟ್ಟು ಬೆಂಗಳೂರಿಗೋ ಹೈದರಾಬಾದಿಗೋ ಹೋಗಿರುತ್ತಾರೆ. ಪುಟದ ಟೈಟಲ್ ವಿಷಯದಲ್ಲಂತೂ ವರ್ಡ್‌ಪ್ರೆಸ್ಸಿನವರೇ ಬೇಸತ್ತು, 2014ರ ಡಿಸೆಂಬರಿನ 4.1ನೇ ಆವೃತ್ತಿಯಲ್ಲಿ ಹೊಸ ಪದ್ಧತಿ ತಂದರು. ಅದರಂತೆ ಥೀಮ್ ಟೈಟಲನ್ನು ತಾನೇ ಕಟ್ಟಬೇಕಿಲ್ಲ, ನನಗೆ ಬೇಕು ಎಂದು ಸೂಚಿಸಿದರೆ ಸಾಕು, ಕಟ್ಟಿಕೊಡುವುದು ವ್ಯವಸ್ಥೆಯ ಜವಾಬ್ದಾರಿ.

ಹೆಸರು ಬದಲಾದದ್ದು ಸಣ್ಣ ವಿಷಯ. 2021ರ ಫೆಬ್ರುವರಿಯಲ್ಲಿ ಜಿಲ್ಲೆಯೇ ಎರಡಾಯಿತು. ಹೊಸಪೇಟೆ, ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಆರು ತಾಲ್ಲೂಕುಗಳು ವಿಜಯನಗರಕ್ಕೆ ಹೋದವು. ಬಳ್ಳಾರಿಗೆ ಉಳಿದದ್ದು ಬಳ್ಳಾರಿ, ಸಿರುಗುಪ್ಪ, ಸಂಡೂರು, ಕುರುಗೋಡು, ಕಂಪ್ಲಿ ಐದು. ಹಂಪಿಯೇ ಇನ್ನೊಂದು ಜಿಲ್ಲೆಯದಾಯಿತು! ಒಂದು ಸೈಟಿನಲ್ಲಿ ಪ್ರವಾಸಿ ತಾಣ, ಶಾಲೆ, ಆಸ್ಪತ್ರೆ, ಸಹಕಾರ ಸಂಘ ಎಂದು ಸಾವಿರ ಪುಟಗಳಿವೆ ಎಂದುಕೊಳ್ಳಿ. ಪ್ರತಿ ಪುಟಕ್ಕೂ ತಾಲ್ಲೂಕು ಎಂಬ ಪ್ರತ್ಯೇಕ ಅಂಕಣ ಇದ್ದು, ಅದರ ಬೆಲೆ ಥೀಮಿಗೆ ಸಿಗುವಂತಿದ್ದರೆ, ಆರು ತಾಲ್ಲೂಕುಗಳ ಪುಟಗಳ ಮೇಲೆ ‘ಈ ಸ್ಥಳ ಈಗ ವಿಜಯನಗರ ಜಿಲ್ಲೆಯಲ್ಲಿದೆ’ ಎಂಬ ಪಟ್ಟಿಯನ್ನು ಅರ್ಧ ದಿನದಲ್ಲಿ ಹಾಕಬಹುದು. ತಾಲ್ಲೂಕಿನ ಹೆಸರು ಬರಹದ ನಡುವೆ, ಮೂರನೇ ಪ್ಯಾರಾದಲ್ಲೆಲ್ಲೋ ಸಿಕ್ಕಿಕೊಂಡಿದ್ದರೆ ಯಾರೋ ಒಬ್ಬರು ಕೂತು ಸಾವಿರವನ್ನೂ ಓದಬೇಕು. ಯಾರೂ ಓದುವುದಿಲ್ಲ. ಹಳೆಯ ತಾಲ್ಲೂಕುಗಳಿಂದ ಒಡೆದು ಬಂದ ಕುರುಗೋಡು, ಕಂಪ್ಲಿಗಳ ಪಾಡೂ ಇದೇ. ಹೊಸ ತಾಲ್ಲೂಕಿನ ಹಳ್ಳಿಯವರು ತಮ್ಮ ಊರಿನ ವಿವರ ಹುಡುಕುತ್ತ ಹಳೆಯ ತಾಲ್ಲೂಕಿನ ಪುಟದಲ್ಲೇ ಸುತ್ತುತ್ತಿರಬೇಕಾಗುತ್ತದೆ. ಹೀಗಾಗಿ ನಾನು ಯಾವ ಸಂಸ್ಥೆಯವರು ಕೇಳಿದರೂ ಹೇಳುವ ಮೊದಲ ಮಾತು: ಇವತ್ತು ಥೀಮಿನಲ್ಲಿ ತೋರಿಸದಿದ್ದರೂ ಪರವಾಗಿಲ್ಲ, ಊರು ಮತ್ತು ತಾಲ್ಲೂಕನ್ನು ಬೇರೆ ಅಂಕಣವಾಗಿ ತುಂಬಿಸಿ.

ಇನ್ನು ದಿನಾಂಕ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಒಂದು ಪ್ರಕಟಣೆಗೆ ದಿನಾಂಕ ಒಂದೇ ಎಂದು ನಾವು ತಿಳಿಯುತ್ತೇವೆ. ಅಂಗನವಾಡಿ ಕಾರ್ಯಕರ್ತೆಯರ ನೇಮಕದ ಪ್ರಕಟಣೆಯನ್ನೇ ತೆಗೆದುಕೊಳ್ಳಿ. ಕಾಗದದ ಮೇಲೆ ಅಧಿಕಾರಿ ಸಹಿ ಹಾಕಿದ ದಿನ ಒಂದು. ಅದನ್ನು ಸೈಟಿಗೆ ಏರಿಸಿದ ದಿನ ಇನ್ನೊಂದು, ಎರಡರ ನಡುವೆ ಎಷ್ಟೋ ಸಲ ವಾರ ಕಳೆದಿರುತ್ತದೆ. ಅರ್ಜಿ ಶುರುವಾಗುವ ದಿನ, ಮುಗಿಯುವ ದಿನ ಬೇರೆ. ಪುಟವನ್ನು ಆಮೇಲೆ ತಿದ್ದಿದ ದಿನ ಮತ್ತೂ ಬೇರೆ. ಕುರುಗೋಡಿನ ಹೆಣ್ಣುಮಗಳಿಗೆ ಬೇಕಾದದ್ದು ಕೊನೆಯ ದಿನ. ವರ್ಡ್‌ಪ್ರೆಸ್ ಆಗಲಿ ಡ್ರೂಪಲ್ ಆಗಲಿ ತಾವಾಗಿ ಥೀಮಿಗೆ ಕೊಡುವುದು ಪ್ರಕಟಿಸಿದ ದಿನ, ತಿದ್ದಿದ ದಿನ ಈ ಎರಡನ್ನೇ. ಉಳಿದವನ್ನು ನಾವೇ ಅಂಕಣ ಮಾಡಿ ಕೊಡಬೇಕು. ಕೊಡದೆ ಬಿಟ್ಟರೆ ಕೊನೆಯ ದಿನ ಪಿಡಿಎಫ್ಫಿನ ಎರಡನೇ ಪುಟದಲ್ಲಿ, ಅದೂ ಸ್ಕ್ಯಾನ್ ಮಾಡಿದ ಚಿತ್ರದಲ್ಲಿ ಹೂತುಹೋಗುತ್ತದೆ.

ಈ ವಿಷಯದಲ್ಲಿ ಮೆಚ್ಚಬೇಕಾದ ಮಾದರಿ ನಮ್ಮ ಕಣ್ಣೆದುರೇ ಇದೆ. ಬಳ್ಳಾರಿ ಸೇರಿದಂತೆ ಜಿಲ್ಲಾಡಳಿತಗಳ ಜಾಲತಾಣಗಳು ನಡೆಯುತ್ತಿರುವುದು ಕೇಂದ್ರ ಸರ್ಕಾರದ ಎನ್‌ಐಸಿ ಸಂಸ್ಥೆ ಕಟ್ಟಿದ ಎಸ್3ವಾಸ್ ಎಂಬ ಚೌಕಟ್ಟಿನ ಮೇಲೆ. ಅದರ ಪ್ರಕಟಣೆಗಳ ವಿಭಾಗ ತೆರೆದು ನೋಡಿ: ಶೀರ್ಷಿಕೆ, ವಿವರಣೆ, ಪ್ರಾರಂಭ ದಿನಾಂಕ, ಮುಕ್ತಾಯ ದಿನಾಂಕ, ಫೈಲ್ ಎಂದು ಐದು ಕಾಲಂಗಳ ಕೋಷ್ಟಕ. ಫೈಲಿನ ಪಕ್ಕದಲ್ಲಿ ಅದು ಎಷ್ಟು ಕೆಬಿ ಎಂಬುದೂ ಇರುತ್ತದೆ, ಸಿಗ್ನಲ್ ಸಿಕ್ಕಾಪಟ್ಟೆ ಕಡಿಮೆ ಇರುವ ಹಳ್ಳಿಯಲ್ಲಿ ಇದು ಸಣ್ಣ ಉಪಕಾರವಲ್ಲ. ಮುಕ್ತಾಯದ ದಿನ ದಾಟಿದ ಪ್ರಕಟಣೆಗಳಿಗೆ ಬೇರೆ ಸಂಗ್ರಹವಿದೆ. ದಿನಾಂಕವು ದಿನಾಂಕವೆಂದೇ ವ್ಯವಸ್ಥೆಗೆ ಗೊತ್ತಿರುವುದರಿಂದ ಇದು ಸಾಧ್ಯ. ‘ದಿನಾಂಕ 10ರೊಳಗಾಗಿ ಅರ್ಜಿ ಸಲ್ಲಿಸತಕ್ಕದ್ದು’ ಎಂದು ಬರಹದೊಳಗೆ ಟೈಪ್ ಮಾಡಿದ ಸಾಲಿನಿಂದ ಯಾವ ಥೀಮೂ ಹೀಗೆ ವಿಂಗಡಿಸಲಾರದು. ಚೌಕಟ್ಟು ಒಳ್ಳೆಯದಿದ್ದರೂ ಆ ಎರಡು ದಿನಾಂಕಗಳನ್ನು ತುಂಬುವವರು ಸರಿಯಾಗಿ ತುಂಬಬೇಕು, ಅದು ಬೇರೆ ಮಾತು.

ತಿದ್ದಿದ ದಿನದಲ್ಲಿ ಒಂದು ಮೋಸವಿದೆ. ಯಾರೋ ಒಂದು ಅಲ್ಪವಿರಾಮ ಸರಿಪಡಿಸಿ ಉಳಿಸಿದರೂ ವ್ಯವಸ್ಥೆ ಅದನ್ನು ‘ತಿದ್ದಿದೆ’ ಎಂದೇ ಬರೆದುಕೊಳ್ಳುತ್ತದೆ. ಪುಟದ ಕೆಳಗೆ ನಿನ್ನೆಯ ದಿನಾಂಕ ಬರುತ್ತದೆ, ಒಳಗಿನ ಫೋನ್ ನಂಬರ್ ಮಾತ್ರ ಮೂರು ವರ್ಷ ಹಳೆಯದು. ಓದಿ, ಎಲ್ಲ ಸರಿಯಿದೆ ಎಂದು ಖಾತ್ರಿಪಡಿಸಿಕೊಂಡ ದಿನವನ್ನು ಇದರಿಂದ ಬೇರೆ ಇಡಬೇಕು. ಸರ್ಕಾರಿ ಕಚೇರಿಗಳಿಗೆ ಇದು ಬರೀ ಅಚ್ಚುಕಟ್ಟಿನ ಪ್ರಶ್ನೆಯಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4(1)(ಬಿ) ಪ್ರಕಾರ ಪ್ರತಿ ಸಾರ್ವಜನಿಕ ಪ್ರಾಧಿಕಾರವೂ 17 ಬಾಬುಗಳ ಮಾಹಿತಿಯನ್ನು ತಾನಾಗಿ ಪ್ರಕಟಿಸಬೇಕು, ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ‘ಪರಿಶೀಲಿಸಿದ ದಿನಾಂಕ’ ಎಂಬ ಅಂಕಣವಿದ್ದು ಥೀಮ್ ಅದನ್ನು ತೋರಿಸಿದರೆ ಪರಿಷ್ಕರಣೆ ಆಗಿದೆಯೋ ಇಲ್ಲವೋ ಎಂದು ಅರ್ಜಿ ಹಾಕಿ ಕೇಳಬೇಕಾಗಿಲ್ಲ, ನೋಡಿದರೆ ಸಾಕು. ಭಾರತ ಸರ್ಕಾರಿ ಜಾಲತಾಣಗಳ ಮಾರ್ಗಸೂಚಿ 2009ರಿಂದಲೂ ಇದೆ, ಮೂರನೇ ಆವೃತ್ತಿ 2023ರಲ್ಲಿ ಬಂದಿದೆ. ಕೊನೆಯದಾಗಿ ಪರಿಷ್ಕರಿಸಿದ ದಿನ ಕಾಣಿಸಬೇಕೆಂಬ ಬೇಡಿಕೆ ಅದರಲ್ಲಿ ಹೊಸದೇನಲ್ಲ.

ದಿನಾಂಕ ಕೊಡುವಾಗ ಅಕ್ಷರಗಳ ಸಾಲಾಗಿ ಕೊಡಬಾರದು ಎಂಬುದನ್ನೂ ಹೇಳಬೇಕು. 10/08/2024 ಎಂದರೆ ನಮಗೆ ಆಗಸ್ಟ್ 10, ಅಮೆರಿಕದ ರೂಢಿಯಲ್ಲಿ ಅಕ್ಟೋಬರ್ 8. ಇಸವಿ, ತಿಂಗಳು, ದಿನ, ಗಂಟೆ, ನಿಮಿಷ, ಕಾಲವಲಯ ಎಲ್ಲ ಸೇರಿದ ಕಚ್ಚಾ ಬೆಲೆಯನ್ನು ಕೊಟ್ಟರೆ ಕನ್ನಡ ಪುಟದಲ್ಲಿ ‘10 ಆಗಸ್ಟ್ 2024’ ಎಂದು, ಇಂಗ್ಲಿಷ್ ಪುಟದಲ್ಲಿ ಇಂಗ್ಲಿಷಿನ ರೀತಿಯಲ್ಲಿ ತೋರಿಸುವುದು ಥೀಮಿಗೆ ಕಷ್ಟವಲ್ಲ. ಕಾಲವಲಯ ಯಾಕೆ ಎಂದು ಕೇಳುವವರು ಆ ಆಗಸ್ಟ್ ರಾತ್ರಿಯನ್ನೇ ಯೋಚಿಸಲಿ. 11ರ ನಸುಕಿನ 2 ಗಂಟೆಗೆ ಒಂದು ಎಚ್ಚರಿಕೆ ಪ್ರಕಟಿಸಿದರೆನ್ನಿ. ಸರ್ವರ್ ಜಾಗತಿಕ ಸಮಯದಲ್ಲಿದ್ದು, ಥೀಮ್ ಅದನ್ನು ಹಾಗೇ ತೋರಿಸಿದರೆ ಓದುವವರಿಗೆ ಕಾಣುವುದು 10ನೇ ತಾರೀಖು, ರಾತ್ರಿ 8:30. ಅಂದರೆ ಗೇಟ್ ಹೋಗುವುದಕ್ಕೂ ಮೊದಲಿನ ಪ್ರಕಟಣೆ! ಐದೂವರೆ ಗಂಟೆಯ ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಸಿಎಂಎಸ್ಸಿನಲ್ಲಿ ಊರು ಆರಿಸುವ ಒಂದೇ ಒಂದು ಸೆಟ್ಟಿಂಗ್ ಸಾಕು.

ಭಾಷೆಯ ವಿಷಯ ಬಳ್ಳಾರಿಯವರಿಗೆ ಬಿಡಿಸಿ ಹೇಳಬೇಕಿಲ್ಲ. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿ ಉಳಿದ ಜಿಲ್ಲೆ ಮೈಸೂರಿಗೆ ಬಂದದ್ದು ಭಾಷೆಯ ಲೆಕ್ಕದಲ್ಲೇ. ಸಿರುಗುಪ್ಪದ ಅಂಗಡಿಯಲ್ಲಿ ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಗಳಿಗೆಯಲ್ಲಿ ಕೇಳುತ್ತವೆ. ಪುಟದ ಭಾಷೆ ಯಾವುದು ಎಂಬುದು ಬ್ರೌಸರಿಗೆ ತಿಳಿಯುವುದು ಎಚ್‌ಟಿಎಂಎಲ್‌ನ ಮೊದಲ ಸಾಲುಗಳಲ್ಲೊಂದರಲ್ಲಿರುವ ‘ಲ್ಯಾಂಗ್’ ಎಂಬ ಗುಣದಿಂದ. ಕನ್ನಡಕ್ಕೆ ಕೆಎನ್, ತೆಲುಗಿಗೆ ಟಿಇ. ಸಿಎಂಎಸ್ ಪುಟದ ಭಾಷೆಯನ್ನು ಥೀಮಿಗೆ ಕೊಟ್ಟು, ಥೀಮ್ ಅದನ್ನು ಆ ಸಾಲಿನಲ್ಲಿ ಹಾಕಬೇಕು. ಥೀಮ್ ಬರೆದವರು ಇಂಗ್ಲಿಷಿನ ಸಂಕೇತವನ್ನು ಕೈಯಾರೆ ಬರೆದುಬಿಟ್ಟಿದ್ದರೆ ಇಡೀ ಕನ್ನಡ ಪುಟ ತಾನು ಇಂಗ್ಲಿಷ್ ಎಂದು ಸಾರುತ್ತ ನಿಂತಿರುತ್ತದೆ.

ಕಣ್ಣಿದ್ದವರಿಗೆ ಇದು ಗೊತ್ತಾಗುವುದಿಲ್ಲ. ದೃಷ್ಟಿ ಇಲ್ಲದವರು ಎನ್‌ವಿಡಿಎಯಂಥ ಓದುಗ ತಂತ್ರಾಂಶದ ಮೂಲಕ ಕೇಳುತ್ತಾರೆ. ಯಾವ ಭಾಷೆಯ ದನಿಯಲ್ಲಿ ಓದಬೇಕು ಎಂದು ಆ ತಂತ್ರಾಂಶ ನೋಡುವುದು ಇದೇ ಗುಣವನ್ನು. ಅಲ್ಲಿ ಇಂಗ್ಲಿಷ್ ಎಂದಿದ್ದರೆ ಕನ್ನಡ ಓದಲು ಇಂಗ್ಲಿಷ್ ದನಿ ಹೊರಟು ಮುಗ್ಗರಿಸುತ್ತದೆ. ಪಿಂಚಣಿಗೆ ಯಾವ ದಾಖಲೆ ಬೇಕು ಎಂದು ತಾವೇ ತಿಳಿದುಕೊಳ್ಳಬಹುದಾಗಿದ್ದವರು ಇನ್ನೊಬ್ಬರನ್ನು ಕೇಳಬೇಕಾಗುತ್ತದೆ. ಪುಟದ ಭಾಷೆಯನ್ನು ಸಾರುವುದು, ಪುಟಕ್ಕೆ ಅರ್ಥಪೂರ್ಣ ಶೀರ್ಷಿಕೆ ಇರುವುದು, ಎರಡೂ 2008ರ ಡಬ್ಲ್ಯುಸಿಎಜಿ 2.0 ಎಂಬ ವೆಬ್ ಸುಗಮ್ಯತೆಯ ಅಂತರರಾಷ್ಟ್ರೀಯ ಮಾನದಂಡದ ಅತ್ಯಂತ ಕೆಳಗಿನ ಹಂತದಲ್ಲೇ ಕಡ್ಡಾಯ. ಒಂದು ಪದದಷ್ಟು ಕೆಲಸಕ್ಕೆ ಇಷ್ಟೊಂದು ಜನರ ಸ್ವಾವಲಂಬನೆ ಜೋತುಬಿದ್ದಿರುವುದನ್ನು ನೋಡಿದಾಗ ನನಗೆ ಸಿಟ್ಟು ಬರುತ್ತದೆ.

ಕಣ್ಣಿದ್ದವರಿಗೂ ಇದರಿಂದ ಲಾಭವಿದೆ. ‘ರಾಷ್ಟ್ರೀಯ’ ಎಂಬ ಪದವನ್ನು ಇಂಗ್ಲಿಷಿಗೆಂದು ಅಳೆದ ಸಾಲಿನಲ್ಲಿ ಕೂರಿಸಿ ನೋಡಿ. ಷಕಾರದ ಕೆಳಗೆ ಟಕಾರದ ಒತ್ತು, ಅದರ ಜೊತೆಗೆ ರಕಾರದ ಒತ್ತು. ಬ್ಯಾನರಿನ ತಲೆಬರಹದಲ್ಲಿ ಆ ಒತ್ತುಗಳ ಬುಡ ಕತ್ತರಿಸಿ ಹೋಗಿರುತ್ತದೆ, ಇಲ್ಲವೇ ಕೆಳಗಿನ ಸಾಲಿನ ಗುಣಿತಗಳ ಮೇಲೆ ಕೂತಿರುತ್ತದೆ. ಪುಟ ಕನ್ನಡದ್ದೆಂದು ಥೀಮಿಗೆ ಗೊತ್ತಿದ್ದರೆ, ಕನ್ನಡವಿದ್ದಲ್ಲಿ ಮಾತ್ರ ಸಾಲಿನ ಎತ್ತರ ಹೆಚ್ಚಿಸು, ಅಕ್ಷರ ಒಂದು ಅಂಶ ದೊಡ್ಡದು ಮಾಡು ಎಂದು ಸ್ಟೈಲ್ ಶೀಟಿನಲ್ಲಿ ಒಂದೇ ನಿಯಮ ಬರೆಯಬಹುದು. ಇಂಗ್ಲಿಷ್ ಪುಟ ಹಾಗೇ ಉಳಿಯುತ್ತದೆ. ವರ್ಡ್‌ಪ್ರೆಸ್ 2009ರ 2.8ನೇ ಆವೃತ್ತಿಯಿಂದ ಪ್ರತಿ ಪುಟದ ಬಾಡಿ ಟ್ಯಾಗಿಗೂ ಅದು ಮುಖಪುಟವೋ, ಯಾವ ಸಂಖ್ಯೆಯ ಪುಟವೋ ಎಂಬ ಗುರುತುಗಳನ್ನು, ಥೀಮ್ ಕೇಳಿದರೆ, ತಾನೇ ಅಂಟಿಸಿಕೊಡುತ್ತಿದೆ. ಬಣ್ಣ ಬದಲಿಸುವುದಕ್ಕೆ ವಿನ್ಯಾಸಕಾರರು ಈ ಗುರುತುಗಳನ್ನು ಚೆನ್ನಾಗಿ ಬಳಸುತ್ತಾರೆ, ಕನ್ನಡ ಸರಿಯಾಗಿ ಕಾಣುವುದಕ್ಕೂ ಬಳಸಲಿ.

ಪುಟದ ಹೊಣೆ ಯಾರದು ಎಂಬ ಮಾಹಿತಿಯನ್ನು ಮಾತ್ರ ಎಚ್ಚರದಿಂದ ಕೊಡಬೇಕು. ಸಿಎಂಎಸ್ ತಾನಾಗಿ ಥೀಮಿಗೆ ಕೊಡುವುದು ಲಾಗಿನ್ ಆಗಿ ಟೈಪ್ ಮಾಡಿದವರ ಹೆಸರನ್ನು. ಓದುಗರಿಗೆ ಅದು ಬೇಡ. ಕನ್ನ ಹಾಕಲು ಹೊಂಚುವವರಿಗೆ ಮಾತ್ರ ಉಪಯೋಗ, ಅರ್ಧ ಕೀಲಿ ಕೈಗೆ ಸಿಕ್ಕಂತೆ. ನಾಗರಿಕರಿಗೆ ಬೇಕಾದದ್ದು ಹುದ್ದೆ. ಬಳ್ಳಾರಿಯ ಮಹಾನಗರ ಪಾಲಿಕೆ, ಸಿರುಗುಪ್ಪದ ನಗರಸಭೆ, ಕುರುಗೋಡಿನ ಪುರಸಭೆ, ಎಲ್ಲಿಯೇ ಆಗಲಿ ಅಧಿಕಾರಿಗಳು ವರ್ಗವಾಗುತ್ತಲೇ ಇರುತ್ತಾರೆ. ಪುಟದಲ್ಲಿ ವ್ಯಕ್ತಿಯ ಹೆಸರನ್ನು ಟೈಪ್ ಮಾಡುವ ಬದಲು ‘ಮುಖ್ಯಾಧಿಕಾರಿ’ ಎಂಬ ಹುದ್ದೆಯ ದಾಖಲೆಗೆ ಕೊಂಡಿ ಹಾಕಿ, ಸದ್ಯ ಆ ಹುದ್ದೆಯಲ್ಲಿರುವವರ ಹೆಸರು, ಕಚೇರಿಯ ಫೋನ್ ಅಲ್ಲಿಂದ ಥೀಮಿಗೆ ಬರುವಂತೆ ಮಾಡಿದರೆ, ವರ್ಗಾವಣೆಯಾದ ದಿನ ಒಂದೇ ಕಡೆ ತಿದ್ದಿದರೆ ಮುಗಿಯಿತು. ಫಲಾನುಭವಿಗಳ ಪಟ್ಟಿ ಇರುವ ಪುಟಗಳಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಮೊಬೈಲ್ ನಂಬರುಗಳನ್ನು ಥೀಮಿಗೆ ಕೊಟ್ಟು ‘ಕಾಣದಂತೆ ಮುಚ್ಚಿಡು’ ಎನ್ನುವುದು ರಕ್ಷಣೆಯಲ್ಲ. ಪುಟದ ಮೂಲ ತೆರೆದರೆ ಎಲ್ಲ ಅಲ್ಲೇ ಇರುತ್ತದೆ. ತೋರಿಸಬಾರದ್ದು ಥೀಮಿನ ಕೈಗೇ ಬರಬಾರದು.

ಇನ್ನೊಂದು ತೊಡಕು ಕ್ಯಾಷೆಯದು. ಸಾವಿರಾರು ಜನ ಒಟ್ಟಿಗೆ ನೋಡುವಾಗ ಪ್ರತಿಯೊಬ್ಬರಿಗೂ ಪುಟವನ್ನು ಹೊಸದಾಗಿ ಕಟ್ಟಿದರೆ ಸರ್ವರ್ ಸುಸ್ತಾಗುತ್ತದೆ, ಹಾಗಾಗಿ ಒಮ್ಮೆ ಕಟ್ಟಿದ್ದನ್ನು ಎತ್ತಿಟ್ಟು ಅದನ್ನೇ ಕೊಡುತ್ತಾರೆ. ಕಾಲುವೆಗೆ ನೀರು ಬಿಡುವ ದಿನ ಬದಲಾದಾಗ ಆ ಪ್ರಕಟಣೆಯ ಪುಟವನ್ನೇನೋ ತಿದ್ದಿದರು. ಮುಖಪುಟದ ‘ಹೊಸ ಸುದ್ದಿ’ ಡಬ್ಬದಲ್ಲಿ ಮಾತ್ರ ಎತ್ತಿಟ್ಟ ಹಳೆಯ ದಿನಾಂಕವೇ ಓಡುತ್ತಿರುತ್ತದೆ. ಡ್ರೂಪಲ್ 8ರಲ್ಲಿ ಇದಕ್ಕೆಂದೇ ಕ್ಯಾಷೆ ಟ್ಯಾಗುಗಳಿವೆ. ಪುಟದ ಮಾಹಿತಿ ಥೀಮಿಗೆ ಹೋಗುವಾಗ ಜೊತೆಗೇ ‘ಇದು ಇಂಥ ಪುಟದಿಂದ ತೆಗೆದದ್ದು’ ಎಂಬ ಚೀಟಿಯೂ ಹೋಗುತ್ತದೆ. ಆ ಪುಟ ಬದಲಾದರೆ ಅದನ್ನು ಬಳಸಿದ ಕಡೆಗಳೆಲ್ಲ ತಾವಾಗಿ ಹೊಸದಾಗುತ್ತವೆ. ಥೀಮ್ ಅಡ್ಡದಾರಿಯಲ್ಲಿ ನೇರ ಡೇಟಾಬೇಸಿಗೆ ಹೋಗಿ ತಂದರೆ ಈ ಚೀಟಿ ಇರುವುದಿಲ್ಲ. ಅಡ್ಡದಾರಿ ಬೇಡ ಎಂದು ಅನುಭವಿಗಳು ಒತ್ತಿ ಹೇಳುವುದು ಇದಕ್ಕೇ.

ಸೈಟ್ ಮಾಡಿಸುವವರು ಕೊಟೇಶನ್ ಕರೆಯುವಾಗ ಬಣ್ಣ, ಬ್ಯಾನರ್, ಓಡುವ ಸುದ್ದಿಪಟ್ಟಿ, ಗಣ್ಯರ ಫೋಟೊ ಎಲ್ಲಿರಬೇಕು ಎಂದು ಪಟ್ಟಿ ಮಾಡುತ್ತಾರೆ. ಅದಕ್ಕೂ ಮೊದಲು ಒಂದು ಹಾಳೆಯಲ್ಲಿ, ನಮ್ಮ ಒಂದು ಪುಟಕ್ಕೆ ಏನೇನು ಗೊತ್ತಿರಬೇಕು, ಅದರಲ್ಲಿ ಏನೇನು ಓದುಗರಿಗೆ ಕಾಣಬೇಕು, ಏನು ಕಾಣಬಾರದು ಎಂದು ಬರೆದುಕೊಳ್ಳಬೇಕು. ಕಟ್ಟಿಕೊಡುವವರ ಜೊತೆ ಆ ಹಾಳೆಯ ಮೇಲೆ ಅರ್ಧ ದಿನ ಕೂತರೂ ನಷ್ಟವಿಲ್ಲ. ಕೆಲವು ವರ್ಷಕ್ಕೊಮ್ಮೆ ಥೀಮ್ ಹಳತಾಗುತ್ತದೆ, ಅದನ್ನು ಬದಲಿಸಲೇಬೇಕಾಗುತ್ತದೆ. ಡ್ರೂಪಲ್ 7ಕ್ಕೆ 2025ರ ಜನವರಿ 5ರಂದು ಅಧಿಕೃತ ಬೆಂಬಲ ನಿಂತಾಗ ಅದರ ಮೇಲಿದ್ದ ಎಲ್ಲ ಸೈಟುಗಳ ಮುಂದೆ ಬಂದದ್ದೂ ಇದೇ ಅನಿವಾರ್ಯತೆ. ಮಾಹಿತಿಯನ್ನು ಅಂಕಣಗಳಲ್ಲಿ ಇಟ್ಟುಕೊಂಡವರು ಹೊಸ ಥೀಮಿಗೆ ಅದನ್ನೇ ಕೊಡುತ್ತಾರೆ. ಥೀಮಿನ ಫೈಲುಗಳಲ್ಲಿ ಬರೆದುಕೊಂಡವರು ಹಳೆಯ ಥೀಮಿನ ಜೊತೆ ಅದನ್ನೂ ಕಳೆದುಕೊಳ್ಳುತ್ತಾರೆ.

ಪರದೆಗಷ್ಟೇ ಅಲ್ಲ, ಮುದ್ರಣಕ್ಕೂ ಥೀಮ್ ಬೇಕು ಎಂಬುದು ಬಹಳ ಜನಕ್ಕೆ ಹೊಳೆಯುವುದಿಲ್ಲ. ಸಿರುಗುಪ್ಪ, ಕುರುಗೋಡಿನಲ್ಲಿ ಎಷ್ಟೋ ಮಂದಿಗೆ ವೆಬ್ ಪುಟ ಸಿಗುವುದು ಜೆರಾಕ್ಸ್ ಅಂಗಡಿಯ ಪ್ರಿಂಟಾಗಿ. ಮನೆಗೆ ಒಯ್ದು, ಓದು ಬಲ್ಲವರಿಂದ ಓದಿಸಿಕೊಂಡು, ಕಚೇರಿಗೆ ಅದೇ ಹಾಳೆ ಹಿಡಿದು ಹೋಗುತ್ತಾರೆ. ಬ್ರೌಸರ್ ಪ್ರಿಂಟ್ ತೆಗೆಯುವಾಗ ಹಾಳೆಯ ಮೂಲೆಯಲ್ಲಿ ತಾನಾಗಿ ಒಂದು ದಿನಾಂಕ ಹಾಕುತ್ತದೆ. ಅದು ಪ್ರಿಂಟ್ ತೆಗೆದ ದಿನ, ಪ್ರಕಟಣೆಯ ದಿನವಲ್ಲ. ಎರಡು ವರ್ಷ ಹಳೆಯ ನೇಮಕದ ಪ್ರಕಟಣೆಯ ನೆತ್ತಿಯ ಮೇಲೆ ಇವತ್ತಿನ ತಾರೀಖು ಕೂತಿರುತ್ತದೆ. ಹಾಳೆ ಹಿಡಿದು ಬಸ್ಸು ಹತ್ತಿ ಬಳ್ಳಾರಿಗೆ ಬಂದವರಿಗೆ ಕೌಂಟರಿನಲ್ಲಿ ‘ಇದು ಮುಗಿದುಹೋಗಿದೆ’ ಎಂದರೆ ತಪ್ಪು ಅವರದಲ್ಲ. ಪ್ರಿಂಟಿನ ಥೀಮಿನಲ್ಲಿ ಮೆನು, ಬ್ಯಾನರ್, ಓಡುವ ಪಟ್ಟಿ ಎಲ್ಲ ತೆಗೆದುಹಾಕಿ, ತಲೆಬರಹದ ಕೆಳಗೇ ಪ್ರಕಟವಾದ ದಿನ, ಕೊನೆಯ ದಿನ, ಹೊಣೆಯ ಕಚೇರಿ, ಅದರ ಫೋನ್ ನಾಲ್ಕನ್ನು ದಪ್ಪ ಅಕ್ಷರದಲ್ಲಿ ಮುದ್ರಿಸಬೇಕು. ಕೊನೆಯ ದಿನ ದಾಟಿದ್ದರೆ ‘ಅವಧಿ ಮುಗಿದಿದೆ’ ಎಂದು ಹಾಳೆಯ ಮೇಲ್ಭಾಗದಲ್ಲೇ ಬರಬೇಕು. ಸಿಎಂಎಸ್ ಮುಕ್ತಾಯದ ದಿನವನ್ನು ಥೀಮಿಗೆ ಕೊಡುತ್ತಿದ್ದರೆ ಇದಕ್ಕೆ ಬೇಕಾದದ್ದು ಹತ್ತಿಪ್ಪತ್ತು ಸಾಲು ಕೋಡ್, ಬಲ್ಲವರಿಗೆ ಒಂದು ಮಧ್ಯಾಹ್ನದ ಕೆಲಸ.